ದುರುಗಮ್ಮನ ಹಣಿಗೆ

ಮದುವೆಯ ಕೊನೆಯ ಪಂಕ್ತಿ ಎದ್ದ ಮೇಲೆ ಊಟದ ಹಾಲಿನ ನೆಲ ಹೇಗಿರುತ್ತದೆ ಎಂದು ಉಂಡು ಹೋದವರು ಹಿಂತಿರುಗಿ ನೋಡುವುದಿಲ್ಲ. ಹೂವಿನಹಡಗಲಿಯ ಶಿವಯೋಗಪ್ಪನವರ ಕಲ್ಯಾಣ ಮಂಟಪದಲ್ಲಿ ಅದನ್ನು ನೋಡುವ ಪಾಳಿ ನಾಲ್ಕು ಜನ ಹೆಂಗಸರದು. ಅನ್ನದ ಅಗುಳು, ಚೆಲ್ಲಿದ ಸಾರು, ತುಳಿದ ಹೋಳಿಗೆ, ಅರಿಸಿನ ಮೆತ್ತಿದ ಅಕ್ಷತೆ, ಅದರ ಮೇಲೆ ಮೊಣಕಾಲುದ್ದ ಮೊಣಕಾಲುದ್ದ ಹರಿದು ಬಿದ್ದ ಮಲ್ಲಿಗೆ ದಂಡೆ. ಬೆಳಗಿನ ಮದುವೆಯವರು ಹೋಗಿ ಸಂಜೆಯ ಆರತಕ್ಷತೆಯವರು ಬರುವಷ್ಟರಲ್ಲಿ ನೆಲ ಕನ್ನಡಿಯಾಗಿರಬೇಕು.

ದುರುಗಮ್ಮ, ಲಕ್ಷ್ಮಿದೇವಿ, ಕೋಮಲಾ, ಬೊಮ್ಮಮ್ಮ, ಆ ನಾಲ್ವರಲ್ಲಿ ಹಿರಿಯಳು ಬೊಮ್ಮಮ್ಮ. ಮಾಗಳದಿಂದ ಹಡಗಲಿಗೆ ಸೊಸೆಯಾಗಿ ಬಂದವಳು, ಅರವತ್ತು ದಾಟಿತ್ತು. ಹದಿನೈದು ವರ್ಷದ ಹಿಂದೆ ದುರುಗಮ್ಮನ ಗಂಡ ತೀರಿಕೊಂಡು ಅವಳು ಮಗಳನ್ನು ಕಟ್ಟಿಕೊಂಡು ಮನೆಯೊಳಗೆ ಕುಳಿತುಬಿಟ್ಟಿದ್ದಾಗ, ಅದೇ ಓಣಿಯ ಬೊಮ್ಮಮ್ಮ ಒಂದು ಬೆಳಿಗ್ಗೆ ಬಂದು ಕೈಗೆ ಕಸಬರಿಗೆ ಕೊಟ್ಟು ಮಂಟಪಕ್ಕೆ ಕರೆದುಕೊಂಡು ಹೋಗಿದ್ದಳು. ಜಿಡ್ಡಿನ ನೆಲಕ್ಕೆ ಮೊದಲು ಬೂದಿ ಎರಚಬೇಕು, ಒರೆಸುವಾಗ ಹಿಂದಕ್ಕೆ ಸರಿಯುತ್ತಾ ಹೋಗಬೇಕು, ಸಾವುಕಾರರು ಬಂದಾಗ ಸೊಂಟ ಹಿಡಿದುಕೊಂಡು ನಿಲ್ಲಬಾರದು, ಇವೆಲ್ಲ ಬೊಮ್ಮಮ್ಮ ಕಲಿಸಿದ್ದು. ಈಗ ಅವಳ ಬೆನ್ನೇ ಬಾಗಿ, ಎದ್ದು ನಿಂತಾಗಲೂ ನೆಲವನ್ನೇ ಹುಡುಕುತ್ತಿರುವವಳಂತೆ ಕಾಣುತ್ತಿದ್ದಳು.

ಎರಡು ವರ್ಷದ ಹಿಂದೆ ಶಿವಯೋಗಪ್ಪನವರು ದಾವಣಗೆರೆಯ ಯಾವುದೋ ಮಂಟಪದಲ್ಲಿ ನೆಲ ತೊಳೆಯುವ ಮಷಿನ್ ನೋಡಿ ಬಂದು ತಾವೂ ಒಂದು ತರಿಸಿದರು. ಮುಂದೆ ನೀರು ಬಿಡುತ್ತದೆ, ಹೊಟ್ಟೆಯ ಕೆಳಗೆ ಉರುಳೆಯಂಥ ಬ್ರಷ್ ತಿರುಗಿ ಉಜ್ಜುತ್ತದೆ, ಹಿಂದಿನಿಂದ ಕಸ ನೀರು ಎರಡನ್ನೂ ಎಳೆದುಕೊಳ್ಳುತ್ತದೆ. ಏಳನೆಯ ತನಕ ಓದಿದ್ದಳೆಂದು ಅದನ್ನು ನಡೆಸುವ ಕೆಲಸ ದುರುಗಮ್ಮನಿಗೆ ಬಂತು. ಅದರ ಹಿಡಿಕೆ ಅವಳ ಎದೆಮಟ್ಟಕ್ಕೆ ಬರುತ್ತಿತ್ತು. ಸೆರಗು ಗಟ್ಟಿಯಾಗಿ ಸಿಕ್ಕಿಸದಿದ್ದರೆ ಅದನ್ನೂ ಎಳೆಯುತ್ತಿತ್ತು. ಆದರೂ ಮೊದಲ ಹತ್ತು ನಿಮಿಷ ಅದು ಹೋದ ದಾರಿಯಲ್ಲಿ ಬಿಳಿಯ ಪಟ್ಟೆ ಬಿದ್ದಂತೆ ನೆಲ ತೆರೆದುಕೊಂಡಿತು. ಹನ್ನೊಂದನೆಯ ನಿಮಿಷಕ್ಕೆ ಮಷಿನ್ ಗುಂಯ್‌ಗುಟ್ಟಿ, ಸುಟ್ಟ ರಬ್ಬರಿನ ವಾಸನೆ ಬಿಟ್ಟು ನಿಂತಿತು. ಬುಡಮೇಲು ಮಾಡಿ ನೋಡಿದರೆ ಬ್ರಷ್ಷಿಗೆ ಹೂವಿನ ದಾರ ಸುತ್ತಿ ಸುತ್ತಿ ಹಗ್ಗವಾಗಿತ್ತು.

ಬ್ಲೇಡಿನಿಂದ ಕೊಯ್ದು ತೆಗೆದು ಮತ್ತೆ ನಡೆಸಿದರು. ಮತ್ತೆ ನಿಂತಿತು. ಹುಬ್ಬಳ್ಳಿಯಿಂದ ಕಂಪನಿಯ ಮೆಕ್ಯಾನಿಕ್ ಬಂದು, ಮೊದಲು ಹೂವನ್ನೆಲ್ಲ ಕೈಯಿಂದ ಆರಿಸಿ ಆಮೇಲೆ ಮಷಿನ್ ಬಿಡಿ ಎಂದು ಹೇಳಿ ಹೋದ. ಹೂವು ಆರಿಸುವುದಕ್ಕೇ ಎರಡು ತಾಸು ಬೇಕು. ಹಾಗಾಗಿ ಮಷಿನ್ ಸ್ಟೋರ್ ರೂಮು ಸೇರಿತು, ನಾಲ್ವರೂ ಮೊದಲಿನಂತೆ ನೆಲಕ್ಕೆ ಕುಳಿತರು. ನಮ್ಮೂರ ಹೂವು ಅದಕ್ಕೆ ಒಗ್ಗಲಿಲ್ಲ ಎಂದು ಬೊಮ್ಮಮ್ಮ ನಗಾಡಿದಳು.

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ದುರುಗಮ್ಮನಿಗೆ ಕೆಟ್ಟು ನಿಂತದ್ದನ್ನು ಹಾಗೇ ಬಿಡುವುದು ಗೊತ್ತಿರಲಿಲ್ಲ. ಮನೆಯ ಮಿಕ್ಸರನ್ನೂ ಹೊಲಿಗೆ ಮಷಿನ್ನನ್ನೂ ಅವಳೇ ಬಿಚ್ಚಿ ಕೂಡಿಸುತ್ತಿದ್ದಳು. ಜೊತೆಗೆ, ಬೊಮ್ಮಮ್ಮ ಗೋಡೆ ಹಿಡಿದು ಏಳುವುದನ್ನು ದಿನವೂ ನೋಡುತ್ತಿದ್ದಳು. ಮಷಿನ್ ಉಜ್ಜಿದರೆ ಅಕ್ಕ ಬರೀ ಮೂಲೆ ನೋಡಿಕೊಂಡು ಇರಬಹುದಲ್ಲ ಎಂಬುದು ಅವಳ ಲೆಕ್ಕ. ಇದನ್ನು ಅವಳು ಆಗ ಯಾರಿಗೂ ಹೇಳಲಿಲ್ಲ. ಆಮೇಲೆ ಹೇಳಿದರೆ ಯಾರೂ ನಂಬುವಂತಿರಲಿಲ್ಲ.

ಮಗಳು ಸಂಘಮಿತ್ರಾಳ ತಲೆ ಬಾಚುವಾಗ ಅವಳಿಗೆ ಹೊಳೆಯಿತು. ಸಂಘಮಿತ್ರಾ ಊರಿನ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಸಂಬಳ ಬರುವವಳಾದರೂ ಭಾನುವಾರ ಜಡೆ ಮಾತ್ರ ಅವ್ವನೇ ಹಾಕಬೇಕು. ಸಿಕ್ಕಿನ ಕೂದಲು ಹಣಿಗೆಯ ಹಲ್ಲಿಗೆ ಎದ್ದು ಬರುವುದನ್ನು ನೋಡಿ, ದಾರ ಬ್ರಷ್ಷಿಗೆ ಸುತ್ತಿಕೊಳ್ಳುವ ಮೊದಲೇ ಹೀಗೆ ಎತ್ತಿ ಹರಿದುಬಿಟ್ಟರೆ ಹೇಗೆ ಎಂದುಕೊಂಡಳು. ಬಸ್ ಸ್ಟ್ಯಾಂಡ್ ಹಿಂದೆ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ತಮ್ಮ ಹುಲುಗೇಶನ ಹತ್ತಿರ ಹೋದಳು.

ಮೊದಲು ಮಾಡಿದ ಹಣಿಗೆ ಕೆಟ್ಟಿತು. ಕಬ್ಬಿಣ ಕೊಯ್ಯುವ ಗರಗಸದ ಬ್ಲೇಡನ್ನು ಬ್ರಷ್ಷಿನ ಪಕ್ಕ ಕೂಡಿಸಿದರೆ ಅದು ದಾರದ ಜೊತೆ ಬ್ರಷ್ಷಿನ ಕೂದಲನ್ನೂ ತಿಂದಿತು. ಎರಡನೆಯದನ್ನು ದೂರ ಇಟ್ಟರು. ದಾರ ಸಿಗಲೇ ಇಲ್ಲ. ಹುಲುಗೇಶ ಬಿಟ್ಟುಬಿಡಕ್ಕ ಎಂದ. ದುರುಗಮ್ಮ ಬಿಡಲಿಲ್ಲ. ಮಷಿನ್ನಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಬ್ರಷ್ಷನ್ನು ಕೈಯಿಂದ ತಿರುಗಿಸುತ್ತಾ, ದಾರ ಯಾವ ಕಡೆಯಿಂದ ಏರಿ ಯಾವ ಕಡೆ ಬಿಗಿಯುತ್ತದೆ ಎಂದು ನೋಡಿದಳು. ಹಲ್ಲುಗಳನ್ನು ಬ್ರಷ್ ತಿರುಗುವ ದಿಕ್ಕಿಗೆ ಎದುರಾಗಿ ಸ್ವಲ್ಪ ಓರೆ ಮಾಡಿಸಿದಳು, ಬ್ರಷ್ಷಿಗೂ ಹಲ್ಲಿಗೂ ನಡುವೆ ಒಂದು ರೂಪಾಯಿ ನಾಣ್ಯದ ದಪ್ಪದಷ್ಟು ಅಂತರ ಬಿಡಿಸಿದಳು. ನಟ್ಟನಡುವೆ ಮಷಿನ್ನಿನದೇ ಒಂದು ಬೋಲ್ಟು ಅಡ್ಡ ಬರುತ್ತಿತ್ತು. ಅದನ್ನು ತೆಗೆಯುವಂತಿರಲಿಲ್ಲ. ಅಲ್ಲಿ ಎರಡು ಬೆರಳಷ್ಟು ಹಲ್ಲು ಕತ್ತರಿಸಿ ಸಂದಿ ಬಿಟ್ಟರು. ಆ ಸಂದಿಯಲ್ಲಿ ಮಾತ್ರ ಸ್ವಲ್ಪ ದಾರ ಉಳಿಯುತ್ತಿತ್ತು. ಮದುವೆಗೊಂದು ಸಲ ಕೈಯಿಂದ ಕಿತ್ತರೆ ಆಯಿತು.

ಮುಂದಿನ ಲಗ್ನಕ್ಕೆ ಮಷಿನ್ ಒಮ್ಮೆಯೂ ನಿಲ್ಲಲಿಲ್ಲ. ದಾರ ಎದ್ದು, ಹರಿದು, ಚೂರಾಗಿ ಹಿಂದಿನ ಡಬ್ಬಿಗೆ ಹೋಯಿತು. ಶಿವಯೋಗಪ್ಪನವರ ಮಗ ಗಂಗಾಧರ್ ಮೊಬೈಲಿನಲ್ಲಿ ಹೊತ್ತು ನೋಡಿದ: ನಲವತ್ತು ನಿಮಿಷ. ಸಂಘಮಿತ್ರಾ ವಿಡಿಯೊ ಮಾಡಿ ಸ್ಟೇಟಸ್ ಹಾಕಿಕೊಂಡಳು. ಗಂಗಾಧರ್ ಅದನ್ನು ಮಷಿನ್ ಮಾರಿದವರಿಗೂ ಕಳಿಸಿದ. ವಾರದಲ್ಲಿ ಕಂಪನಿಯ ಇಬ್ಬರು ಕಾರಿನಲ್ಲಿ ಬಂದು ಹಣಿಗೆಯನ್ನು ಬಿಚ್ಚಿ, ಅಳೆದು, ಎಲ್ಲ ಮಗ್ಗುಲಿನಿಂದ ಫೋಟೊ ತೆಗೆದರು. ದುರುಗಮ್ಮನ ಹೆಸರು ಕೇಳಿ ಫೋನಿನಲ್ಲಿ ಬರೆದುಕೊಂಡರು. ಶಿವಯೋಗಪ್ಪನವರು ಅವಳಿಗೆ ಶಾಲು ಹೊದಿಸಿದರು. ಮೂವರು ಹೆಂಗಸರೂ ಚಪ್ಪಾಳೆ ತಟ್ಟಿದರು, ಎಲ್ಲರಿಗಿಂತ ಜೋರಾಗಿ ಬೊಮ್ಮಮ್ಮ.

ಆ ಸೋಮವಾರ ಗಂಗಾಧರ್ ಬೊಮ್ಮಮ್ಮನಿಗೂ ಲಕ್ಷ್ಮಿದೇವಿಗೂ ಇನ್ನು ಬರುವುದು ಬೇಡ ಎಂದು ಹೇಳಿದ. ಮಷಿನ್ನಿಗೆ ದುರುಗಮ್ಮ, ಮೂಲೆಗೆ ಕೋಮಲಾ, ಇಬ್ಬರು ಸಾಕು.

ದುರುಗಮ್ಮ ನೇರವಾಗಿ ಶಿವಯೋಗಪ್ಪನವರ ಮನೆಗೆ ಹೋದಳು. ಬೇಕಾದರೆ ತನ್ನ ಪಾಳಿಯಲ್ಲೇ ಅರ್ಧ ಬೊಮ್ಮಮ್ಮನಿಗೆ ಕೊಡಿ ಎಂದು ಕೇಳಿದಳು. ಅವರು ಸಿಟ್ಟಾಗಲಿಲ್ಲ. ನೀರು ಕೊಡಿಸಿ ಕೂಡಿಸಿಕೊಂಡೇ ಮಾತಾಡಿದರು.

"ನಾ ಯಾರ ಹೊಟ್ಟಿ ಮ್ಯಾಲೂ ಹೊಡದಿಲ್ಲವ್ವ. ಕೆಲಸ ಇದ್ರ ತಾನ ಕೊಡೋದು? ಕೆಲಸ ಇಲ್ಲದಂಗ ಮಾಡಿದಾಕಿ ನೀನ."

ದುರುಗಮ್ಮ ಎದ್ದಳು. ಅಲ್ಲಿಂದ ಬೊಮ್ಮಮ್ಮನ ಮನೆಗೆ ಹೋದಳು. ಬೊಮ್ಮಮ್ಮ ಹೊಸ್ತಿಲ ಮೇಲೆ ಕುಳಿತು ಕಾಳು ಹಸನು ಮಾಡುತ್ತಿದ್ದಳು. ದುರುಗಮ್ಮ ಬಂದು ನಿಂತರೂ ಬಾ ಎಂದು ಕರೆಯಲಿಲ್ಲ. ಮೊರದಿಂದ ಕಣ್ಣೆತ್ತದೆ ಬೊಮ್ಮಮ್ಮ ಹೇಳಿದಳು:

"ಹಣಿಗಿ ಚಲೋ ಮಾಡೀಯ ದುರುಗಿ. ಹೇನು ನಾವಾದ್ವಿ."

ನಾಲ್ಕನೆಯ ದಿನ, ಮದುವೆಯ ಹಿಂದಿನ ಮಧ್ಯಾಹ್ನ, ದುರುಗಮ್ಮ ಸ್ಟೋರ್ ರೂಮಿನಲ್ಲಿ ಹಣಿಗೆಯ ಸ್ಕ್ರೂಗಳನ್ನು ಬಿಚ್ಚಿ, ಅದನ್ನು ಸೆರಗಿನಲ್ಲಿ ಸುತ್ತಿ ಮನೆಗೆ ತಂದಳು. ಮಾಡಿದ್ದು ತಾನು, ಬಿಚ್ಚುವವಳೂ ತಾನೇ ಎಂದು ಹುಲುಗೇಶನಿಗೆ ಹೇಳಿದಳು. ಮರುದಿನ ಮಷಿನ್ ಹನ್ನೊಂದನೆಯ ನಿಮಿಷಕ್ಕೆ ನಿಂತಿತು. ಹಣಿಗೆ ಮುರಿದುಹೋಯಿತು ಎಂದು ಗಂಗಾಧರನಿಗೆ ಸುಳ್ಳು ಹೇಳಿದಳು. ಜನ್ಮದಲ್ಲಿ ಅವಳು ಹೇಳಿದ ದೊಡ್ಡ ಸುಳ್ಳು ಅದೇ ಇರಬೇಕು. ಹೇಳುವಾಗ ಕೋಮಲಾ ಪಕ್ಕದಲ್ಲೇ ಮೂಲೆ ಒರೆಸುತ್ತಿದ್ದಳು.

ಗಂಗಾಧರ್ ಗಾಬರಿಯಿಂದ ಫೋನು ಮಾಡಿ ಬೊಮ್ಮಮ್ಮನನ್ನೂ ಲಕ್ಷ್ಮಿದೇವಿಯನ್ನೂ ಕರೆಸಿದ. ಬೊಮ್ಮಮ್ಮ ಬಂದಳು. ದುರುಗಮ್ಮನತ್ತ ನೋಡದೆ ಮೂಲೆಯಲ್ಲಿ ಕುಳಿತು ಹೂವು ಆರಿಸಿದಳು, ಹಿಂದಕ್ಕೆ ಸರಿಯುತ್ತಾ ನೆಲ ಒರೆಸಿದಳು. ಎರಡು ಮದುವೆ ಹೀಗೆ ಕಳೆಯಿತು. ಮಾತಿಲ್ಲದಿದ್ದರೂ ನಾಲ್ವರೂ ಒಂದೇ ನೆಲದ ಮೇಲಿದ್ದರು, ದುರುಗಮ್ಮನಿಗೆ ಅಷ್ಟು ಸಾಕಾಗಿತ್ತು.

ಮೂರನೆಯ ಮದುವೆಗೆ ಮೊದಲು ಹುಬ್ಬಳ್ಳಿಯ ಮೆಕ್ಯಾನಿಕ್ ಬಂದ. ಮಷಿನ್ನಿನ ಬ್ರಷ್ ಇರುವ ಪೆಟ್ಟಿಗೆಯನ್ನೇ ಪೂರಾ ತೆಗೆದು ಹೊಸದನ್ನು ಕೂಡಿಸಿದ. ಕಂಪನಿ ಹೊಸ ಸುಧಾರಣೆ ಮಾಡಿದೆ, ಇನ್ನು ದಾರ, ಕೂದಲು ಯಾವುದೂ ಸುತ್ತುವುದಿಲ್ಲ ಎಂದು ಗಂಗಾಧರನಿಗೆ ತೋರಿಸಿದ. ಒಳಗೆ ಕೆಂಪು ಪ್ಲಾಸ್ಟಿಕ್ಕಿನ ಪಟ್ಟಿಯಲ್ಲಿ ಉಕ್ಕಿನ ಹಲ್ಲು, ಓರೆಯಾಗಿ. ದುರುಗಮ್ಮ ಬಗ್ಗಿ ನೋಡಿದಳು. ಹೊಸ ಪೆಟ್ಟಿಗೆಯಲ್ಲಿ ನಡುವಿನ ಬೋಲ್ಟು ಇರಲಿಲ್ಲ. ಆದರೂ ಹಲ್ಲುಗಳ ನಟ್ಟನಡುವೆ ಎರಡು ಬೆರಳಷ್ಟು ಸಂದಿ ಇತ್ತು.

"ಇಲ್ಲಿ ಸಂದಿ ಯಾಕ ಬಿಟ್ಟಾರ್ರಿ?" ಎಂದು ಕೇಳಿದಳು.

"ಡಿಸೈನ್ ಹಂಗ ಐತವಾ," ಎಂದ ಅವನು.

ಬಾಯಿಗೆ ಬಂದದ್ದನ್ನು ಅವಳು ತಡೆಯಲಿಲ್ಲ. ಅದು ಡಿಸೈನ್ ಅಲ್ಲ, ಹಳೆಯ ಬೋಲ್ಟು ಅಡ್ಡ ಬರುತ್ತಿತ್ತೆಂದು ತಾನು ಬಿಟ್ಟದ್ದು, ಬೋಲ್ಟು ಇಲ್ಲದ ಮೇಲೆ ಅದನ್ನು ಮುಚ್ಚಬೇಕಿತ್ತು ಎಂದಳು. ಮೆಕ್ಯಾನಿಕ್ ನಕ್ಕ. ಅವಳು ಮನೆಗೆ ಓಡಿಹೋಗಿ ತನ್ನ ಹಣಿಗೆ ತಂದು ಪಕ್ಕದಲ್ಲಿಟ್ಟಳು. ಸಂದಿಗೆ ಸಂದಿ ಕೂಡಿತು. ಆಗ ಗಂಗಾಧರ್ ನೋಡಿದ್ದು ಸಂದಿಯನ್ನಲ್ಲ. ಮುರಿದಿದೆ ಎಂದ ಹಣಿಗೆ ಒಂದು ಹಲ್ಲೂ ಮುರಿಯದೆ ಅವಳ ಕೈಯಲ್ಲಿದ್ದುದನ್ನು ನೋಡಿದ.

ಶಿವಯೋಗಪ್ಪನವರು ಬಂದರು. ಅವಳು ಏನನ್ನೂ ಮುಚ್ಚಿಡಲಿಲ್ಲ. ಇದು ನನ್ನದು, ನಾನು ಒಯ್ದೆ ಎಂದಳು.

"ಮಷಿನ್ ನಂದು. ಅದಕ್ಕ ಹಚ್ಚಿದ್ದೂ ನಂದ," ಎಂದರು ಶಿವಯೋಗಪ್ಪನವರು. "ಇದಕ್ಕ ಕಳವು ಅಂತಾರ. ಹೆಣ್ಮಗಳು ಅಂತ ಇಲ್ಲಿಗೇ ಬಿಡ್ತೀನಿ. ನಾಳಿಂದ ಬರಬ್ಯಾಡ."

ಶಾಲು ಹೊದಿಸಿ ಎರಡು ತಿಂಗಳೂ ಆಗಿರಲಿಲ್ಲ.

ಸಂಘಮಿತ್ರಾ ಹಾಗೆ ಬಿಡುವವಳಲ್ಲ. ಕಂಪನಿಗೆ ಮೇಲ್ ಬರೆದಳು. ನಿಮ್ಮ ಆಸಕ್ತಿಗೆ ಧನ್ಯವಾದ, ನಿಮ್ಮ ಸಲಹೆಯನ್ನು ಸಂಬಂಧಪಟ್ಟವರಿಗೆ ತಲುಪಿಸಲಾಗಿದೆ ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು. ಹೊಸಪೇಟೆಯ ವಕೀಲರೊಬ್ಬರು, ಮೊದಲು ಮಾಡಿದ್ದು ನೀವೇ ಎಂಬುದಕ್ಕೆ ತಾರೀಖಿನ ಸಮೇತ ಪುರಾವೆ ಏನಿದೆ ಎಂದು ಕೇಳಿದರು. ಸ್ಟೇಟಸ್ಸಿನ ವಿಡಿಯೊ ಒಂದೇ ದಿನಕ್ಕೆ ಅಳಿಸಿಹೋಗಿತ್ತು, ಆ ಫೋನನ್ನು ಕೊಟ್ಟು ಸಂಘಮಿತ್ರಾ ಹೊಸದು ತೆಗೆದುಕೊಂಡಿದ್ದಳು. ಗಂಗಾಧರನ ಫೋನಿನಲ್ಲಿ ಇದ್ದಿರಬಹುದು, ಅವನು ಹುಡುಕಿಕೊಡಲಿಲ್ಲ. ಕಾರಿನಲ್ಲಿ ಬಂದವರು ಬರೆದುಕೊಂಡ ಹೆಸರು ಯಾವ ಕಾಗದದಲ್ಲೂ ಕಾಣಿಸಲಿಲ್ಲ. ತನ್ನಿಂದಲೇ ಹೀಗಾಯಿತು ಎಂದು ಮಗಳು ಅತ್ತಾಗ ದುರುಗಮ್ಮ ಅವಳನ್ನು ಬೈದು ಸುಮ್ಮನಾಗಿಸಿದಳು.

ಹೊಸ ಪೆಟ್ಟಿಗೆ ಬಂದ ಮೇಲೆ ಬೊಮ್ಮಮ್ಮನನ್ನೂ ಲಕ್ಷ್ಮಿದೇವಿಯನ್ನೂ ಮಂಟಪಕ್ಕೆ ಮತ್ತೆ ಕರೆಯಲಿಲ್ಲ. ನಡೆದದ್ದು ಕೋಮಲಾಳ ಬಾಯಿಂದ ಓಣಿಗೆಲ್ಲ ತಿಳಿಯಿತು. ಒಂದು ಸಂಜೆ ಬೊಮ್ಮಮ್ಮ ಕೋಲೂರಿಕೊಂಡು ಬಂದು ದುರುಗಮ್ಮನ ಕಟ್ಟೆಯ ಮೇಲೆ ಕುಳಿತಳು. ದುರುಗಮ್ಮ ಚಹಾ ತಂದಿಟ್ಟಳು. ಬೊಮ್ಮಮ್ಮ ಕುಡಿಯಲಿಲ್ಲ, ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದಳು.

"ನನ್ನ ಸಲುವಾಗಿ ತಗದಿ ಅಂತಲ್ಲ?"

"ಹೂಂ, ಅಕ್ಕ."

"ತಗೀಬಾರದಿತ್ತು. ನಿಂದಾರ ಉಳೀತಿತ್ತು," ಎಂದಳು ಬೊಮ್ಮಮ್ಮ. ಲೋಟ ಕೆಳಗಿಟ್ಟು, "ಮಾಡಲೂಬಾರದಿತ್ತು," ಎಂದಳು.

ಮೊದಲಿನಂತೆ ಅವರು ಮತ್ತೆ ಆಗಲಿಲ್ಲ. ಎದುರು ಸಿಕ್ಕರೆ ಮಾತಾಡುತ್ತಾರೆ, ಆರಾಮ ಏನು ಎಂದರೆ ಆರಾಮ ಎನ್ನುತ್ತಾರೆ. ಬೊಮ್ಮಮ್ಮ ಈಗ ಮಾಗಳದ ತಮ್ಮನ ಮನೆಗೂ ಹಡಗಲಿಗೂ ಓಡಾಡಿಕೊಂಡಿದ್ದಾಳೆ, ಕೆಲಸಕ್ಕೆ ಎಲ್ಲೂ ಹೋಗುವುದಿಲ್ಲ. ಲಕ್ಷ್ಮಿದೇವಿ ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋಗುತ್ತಾಳೆ. ದುರುಗಮ್ಮನಿಗೆ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಸಿಕ್ಕಿತು. ಅಲ್ಲಿನ ಹಿಟ್ಟು ರುಬ್ಬುವ ಗ್ರೈಂಡರ್ ಕಲ್ಲು ಓಲಾಡುತ್ತದೆ. ಯಾಕೆ ಓಲಾಡುತ್ತದೆ ಎಂಬುದು ಅವಳಿಗೆ ಮೊದಲ ದಿನವೇ ತಿಳಿಯಿತು. ಯಾರಿಗೂ ಹೇಳಿಲ್ಲ, ಕೈ ಹಚ್ಚಿಲ್ಲ.

ಹೋದ ವರ್ಷ ಹರಪನಹಳ್ಳಿಯ ಮಂಟಪವೊಂದರ ಮಾಲೀಕ, ವೀರಭದ್ರಯ್ಯ ಎಂಬವರು, ಹುಲುಗೇಶನ ಅಂಗಡಿ ಹುಡುಕಿಕೊಂಡು ಬಂದರು. ಅವರಲ್ಲೂ ಅದೇ ಹಳೆಯ ಮಷಿನ್, ಅದೇ ದಾರದ ಕಾಟ. ಕಂಪನಿಯ ಹೊಸ ಪೆಟ್ಟಿಗೆ ದುಬಾರಿ, ನೀವು ಒಂದು ಹಣಿಗೆ ಮಾಡಿಕೊಟ್ಟರೆ ಕೇಳಿದಷ್ಟು ಕೊಡುತ್ತೇನೆ ಎಂದರು. ಹುಲುಗೇಶ ಅಕ್ಕನನ್ನು ಕರೆಸಿದ. ದುರುಗಮ್ಮ ಕೈ ಒರೆಸಿಕೊಳ್ಳುತ್ತಾ ಬಂದು, ಅವರು ಹೇಳಿದ್ದನ್ನೆಲ್ಲ ಕೇಳಿ, ಒಂದೇ ಪ್ರಶ್ನೆ ಕೇಳಿದಳು.

"ನಿಮ್ಮಲ್ಲಿ ನೆಲ ಒರಸಾಕ ಎಷ್ಟು ಮಂದಿ ಹೆಂಗಸ್ರು ಅದಾರ್ರಿ?"

"ಐದು ಜನ ಇದಾರಮ್ಮ."

"ಹಂಗಿದ್ರ ನಾ ಮಾಡಿಕೊಡಂಗಿಲ್ರಿ," ಎಂದು ಹೇಳಿ ಹಾಸ್ಟೆಲಿಗೆ ಹೊರಟುಹೋದಳು.

ಎರಡು ತಿಂಗಳ ಮೇಲೆ ಹುಲುಗೇಶ ಪಂಪಿನ ಮೋಟರ್ ರಿಪೇರಿಗೆಂದು ಆ ಮಂಟಪಕ್ಕೆ ಹೋಗಬೇಕಾಯಿತು. ಊಟದ ಹಾಲಿನ ಬಾಗಿಲಲ್ಲಿ ಮಷಿನ್ ನಿಂತಿತ್ತು. ಬಗ್ಗಿ ನೋಡಿದ, ಕೆಂಪು ಪಟ್ಟಿ, ನಡುವೆ ಎರಡು ಬೆರಳಿನ ಸಂದಿ. ಅಲ್ಲಿ ಈಗ ಇಬ್ಬರೇ ಹೆಂಗಸರು ಕೆಲಸಕ್ಕಿದ್ದರು. ಮೋಟರ್ ಕಟ್ಟಿಸಲು ಅಂಗಡಿಗೆ ಹೋದಾಗ ಹುಲುಗೇಶ ಇದನ್ನು ನನಗೆ ಹೇಳಿದ. ಅಕ್ಕನಿಗೆ ಇನ್ನೂ ಹೇಳಿಲ್ಲ.