ಕುಂಕುಮ ಮೆತ್ತಿದ ಸಾಕೆಟ್ಟು

ನಂಜನಗೂಡಿನಲ್ಲಿ ಹಿಂದೆ ನಮ್ಮ ಮನೆ, ಮುಂದೆ ಕಾರ್ ಗ್ಯಾರೇಜು. ನನ್ನ ಗಂಡನೇ ಮೆಕ್ಯಾನಿಕ್ಕು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನು ಕಿವಿಗಾನಿಸಿಕೊಂಡು, ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದರು. "ಗಿರಾಕಿ ಸುಳ್ಳೇಳ್ಬೋದು, ಎಂಜಿನ್ನು ಏಳಲ್ಲ ಕಣಮ್ಮಿ" ಎನ್ನುವುದು ಅವರ ಮಾತು. ತಗಡೂರು, ಹದಿನಾರಿನಂಥ ಊರುಗಳ ಕಡೆಯಿಂದೆಲ್ಲ ಗಾಡಿಗಳು ಬರುತ್ತಿದ್ದುದು ಆ ಕಿವಿಯನ್ನು ನಂಬಿಯೇ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಆ ಕಿವಿ ಮಂದವಾಗತೊಡಗಿತು. ಅವರು ಯಾರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಕಾಫಿಗೆ ಕೂಗಿದರೆ ಬರುತ್ತಿರಲಿಲ್ಲ. ನಮ್ಮ ಟಿವಿಯ ಸದ್ದಿನಲ್ಲಿ ಪಕ್ಕದ ಮನೆಯವರೂ ಧಾರಾವಾಹಿ ಮುಗಿಸುತ್ತಿದ್ದರು. ಕಟ್ಟಿಕೊಂಡವಳಿಗೆ ತಿಳಿಯದೇ ಇರುತ್ತದೆಯೇ? ಕಿವಿ ಹೋದರೆ ಕೆಲಸವೂ ಹೋಯಿತು ಎಂದು ಅವರು ಒಳಗೊಳಗೇ ಹೆದರಿದ್ದರು. ಅದಕ್ಕೇ ನಾನೂ ಗೊತ್ತಿಲ್ಲದವಳ ಹಾಗೆ ಇದ್ದೆ.

ಟಿ. ನರಸೀಪುರದ ಮೇಷ್ಟ್ರೊಬ್ಬರ ಕಾರು ನಿಂತಲ್ಲೇ ನಡುಗುತ್ತದೆ ಎಂದು ಬಂತು. ಇವರು ಸ್ಕ್ರೂಡ್ರೈವರ್ ಇಟ್ಟು ಕೇಳಿ, ಏನೋ ಬಿಚ್ಚಿ, ಏನೋ ಬದಲಾಯಿಸಿ ಕಳಿಸಿದರು. ಆಯುಧಪೂಜೆಯ ಹಿಂದಿನ ದಿನ ಅದು ಮತ್ತೆ ಬಾಗಿಲಿಗೆ ಬಂದು ನಿಂತಿತು. "ಇನ್ನೂ ನಡುಗ್ತದಲ್ಲಪ್ಪ" ಎಂದು ಮೇಷ್ಟ್ರು ಬಿಟ್ಟುಹೋದರು. ಆವತ್ತು ಇವರು ಅನ್ನ ಕಲೆಸಿಕೊಂಡು ಕೂತರೇ ಹೊರತು ಉಣ್ಣಲಿಲ್ಲ.

ಹೊಸ ಕಾರುಗಳ ಎಂಜಿನ್ನಿಗೂ ಒಂದು ಕಂಪ್ಯೂಟರ್ ಇರುತ್ತದೆ, ಅದಕ್ಕೆ ನಮ್ಮ ಕಂಪ್ಯೂಟರ್ ಜೋಡಿಸಿದರೆ ದೋಷವನ್ನು ಅದೇ ತೋರಿಸುತ್ತದೆ ಎಂದು ಕೇಳಿ, ಹಳೆಯ ಲ್ಯಾಪ್‌ಟಾಪೊಂದನ್ನೂ ಕೇಬಲ್ಲನ್ನೂ ಮೈಸೂರಿನಿಂದ ತರಿಸಿದ್ದೆ. ಮದುವೆಗೆ ಮುಂಚೆ ಟೈಪಿಂಗ್ ಜೊತೆ ಕಂಪ್ಯೂಟರನ್ನೂ ಕಲಿತವಳು ನಾನು. ಇವರು ಅದನ್ನು ಕರೆಯದೆ ಬಂದ ನೆಂಟನನ್ನು ನೋಡಿದ ಹಾಗೆ ನೋಡುತ್ತಿದ್ದರು. ಹಬ್ಬ ಕಳೆದ ಮೇಲೆ ತಾವಾಗಿಯೇ, "ತಾ, ಅದನ್ನೂ ಒಂದ್ಸಲ ಆಕಿ ನೋಡವ" ಎಂದರು.

ಸ್ಟಿಯರಿಂಗಿನ ಕೆಳಗಿದ್ದ ಸಾಕೆಟ್ಟಿಗೆ ಕೇಬಲ್ ಚುಚ್ಚಿ ಕೀ ಆನ್ ಮಾಡಿದೆ. ಕಾರಿನ ಸಂಪರ್ಕ ಸಿಗುತ್ತಿಲ್ಲ ಎಂದು ತೆರೆಯ ಮೇಲೆ ಬಂತು. ಕಿತ್ತು ಮತ್ತೆ ಚುಚ್ಚಿದೆ. ಹಾಡಿದ್ದೇ ಹಾಡಿತು.

"ಬುಡಮ್ಮಿ. ಗ್ಯಾರೇಜ್ ಬಾಗ್ಲಾಕ್ಬುಡವ" ಎಂದರು.

ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಸಾಕೆಟ್ಟಿನ ತೂತುಗಳ ತುಂಬ ಒಣಗಿದ ಅರಿಶಿನ, ಕುಂಕುಮ! ಹಬ್ಬದ ದಿನ ಸ್ಪ್ಯಾನರಿನಿಂದ ಹಿಡಿದು ಕಾರುಗಳವರೆಗೆ ಎಲ್ಲಕ್ಕೂ ಬೊಟ್ಟಿಟ್ಟವರು ಇವರೇ.

"ಇದರೊಳಕ್ಕೂ ಮೆತ್ತಿದ್ದೀರೇನ್ರೀ?" ಎಂದು ಕೂಗಿದೆ.

"ಕಾರಿನ ಬುದ್ದಿಯೆಲ್ಲ ಅಲ್ಲಿಂದ್ಲೇ ತಿಳಿಯೋದು ಅಂತ ನೀನೇ ಅಂದಿದ್ದೆ. ಅದ್ಕೇ ಒಸಿ ಜಾಸ್ತೀನೇ ಇಕ್ದೆ."

ನಗು ತಡೆಯಲಾಗಲಿಲ್ಲ. ಹಿಂದೆಯೇ ಅಳುವೂ ಬಂತು. ಕಂಪ್ಯೂಟರ್ ಬೇಡ ಬೇಡ ಎನ್ನುತ್ತಲೇ ಆ ಸಾಕೆಟ್ಟಿನ ಮುಂದೆ ಕೈ ಮುಗಿದು ನಿಂತಿದ್ದರಲ್ಲ ಈ ಮನುಷ್ಯ.

ಹಳೆಯ ಬ್ರಷ್ಷಿನಿಂದ ಉಜ್ಜಿ ಉಜ್ಜಿ ತೆಗೆದೆ. ಈ ಸಲ ಸಂಪರ್ಕ ಸಿಕ್ಕಿತು. ಮೂರನೇ ಸಿಲಿಂಡರಿನಲ್ಲಿ ಪೆಟ್ರೋಲು ಸರಿಯಾಗಿ ಉರಿಯುತ್ತಿಲ್ಲ ಎಂದು ಬಂದದ್ದನ್ನು ಗಟ್ಟಿಯಾಗಿ ಓದಿ ಹೇಳಿದೆ. ಇವರು ಅಲ್ಲಿಗೆ ಕಿಡಿ ಕೊಡುವ ಕಾಯಿಲ್ ಬದಲಾಯಿಸಿ, ಸ್ಟಾರ್ಟ್ ಮಾಡು ಎಂದು ಕೈಸನ್ನೆ ಮಾಡಿದರು. ಆಮೇಲೆ ಎಂಜಿನ್ನಿನ ಮೇಲೆ ಅಂಗೈ ಇಟ್ಟು ನೋಡಿದರು. ನಡುಕ ನಿಂತಿತ್ತು.

ಕೈ ತೆಗೆಯದೆಯೇ, "ನಂಗೆ ಕಿವಿ ಕೇಳಿಸ್ತಿಲ್ಲ ಕಣಮ್ಮಿ" ಎಂದರು. "ಬಾಳ ದಿನ ಆಯ್ತು."

"ಗೊತ್ತು ಕಣ್ರೀ" ಎಂದೆ. ಎಂಜಿನ್ ಇನ್ನೂ ಓಡುತ್ತಿತ್ತು. ಅವರಿಗೆ ಕೇಳಲಿಲ್ಲ. ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತ ನಿಂತರು.

ಎಂಜಿನ್ ಆರಿಸಿ ಇಳಿದು ಅವರ ಪಕ್ಕಕ್ಕೆ ಹೋದೆ. "ಗೊತ್ತು ನಂಗೆ. ಇನ್ಮೇಲೆ ನಾನು ಓದಿ ಹೇಳ್ತೀನಿ, ನೀವು ರಿಪೇರಿ ಮಾಡಿ."

"ಆಗ್ಲಿ" ಎಂದರು. "ಆದ್ರೆ ಒಸಿ ಜೋರಾಗಿ ಏಳ್ಬೇಕು ನೀನು."