ಗುಂಡಮ್ಮ ತೊಗಲು ಕೇಳಿದ್ದು

ಗುಂಡಮ್ಮ ನಕ್ಕರೆ ಹಟ್ಟಿಯ ಆಚೆ ತುದಿಯಲ್ಲಿ ಮಲಗಿದ್ದ ನಾಯಿಯೂ ಎದ್ದು ಕೂರುತ್ತಿತ್ತು. ತಮಿಳುನಾಡಿನ ಹರೂರು ಸೀಮೆಯ ಆ ಹಟ್ಟಿಯಲ್ಲಿ ಗಂಡಸರು ಕುರಿ ಕಾಯುತ್ತಿದ್ದರು, ಗುಂಡಮ್ಮ ಗಂಡಸರನ್ನು ಕಾಯುತ್ತಿದ್ದಳು ಎಂದು ಅವಳ ಗಂಡ ಮುನಿಯಪ್ಪನೇ ಹೇಳಿಕೊಂಡು ತಿರುಗುತ್ತಿದ್ದ. ಒಳ್ಳೆಯ ಮನುಷ್ಯ. ಯಾರು ಏನು ಹೇಳಿದರೂ ತಲೆಯಾಡಿಸಿ ನಂಬುವುದೇ ಅವನ ದೊಡ್ಡ ಕಸುಬು.

ಎಪ್ಪತ್ತರ ದಶಕದ ನಡುವೆ ಅವರ ಮಗಳು ಮಂಜುಳಾಗೆ ಮೆಟ್ಟೂರು ಕಡೆಯ ಗಂಡು ಗೊತ್ತಾಯಿತು. ಲಗ್ನ ಚೈತ್ರಕ್ಕೆ. ಮಂದೆಯಲ್ಲಿ ಅರ್ಧದಷ್ಟು ಕುರಿ ಮಾರಿ, ಬಂದ ಹಣವನ್ನು ರಾಗಿ ಗುಡಾಣದೊಳಗೆ ಹುದುಗಿಸಿಟ್ಟರು. ಚಪ್ಪರಕ್ಕೆ, ಊಟಕ್ಕೆ, ಸೀರೆಗೆ ಸಾಲುತ್ತಿತ್ತು. ಆದರೆ ಮಗಳ ಕಾಲಿಗೆ ಸೇಲಂನ ದಪ್ಪ ಬೆಳ್ಳಿ ಗೆಜ್ಜೆ ಹಾಕಿ ಕಳಿಸಬೇಕೆಂಬುದು ಗುಂಡಮ್ಮನ ಆಸೆ. ಅವಳ ಸ್ವಂತ ಮದುವೆಯಲ್ಲಿ ಅವಳಿಗೆ ಎರವಲು ಗೆಜ್ಜೆ ತೊಡಿಸಿದ್ದರು. ಧಾರೆ ಮುಗಿದ ಕೂಡಲೇ ಅದರ ಒಡತಿ ಬಂದು, ಚಪ್ಪರದಲ್ಲೇ ಎಲ್ಲರೆದುರು ಬಿಚ್ಚಿಕೊಂಡು ಹೋಗಿದ್ದಳು. ಎಲ್ಲದಕ್ಕೂ ನಗುವ ಗುಂಡಮ್ಮ ಅದೊಂದಕ್ಕೆ ಮಾತ್ರ ಯಾವತ್ತೂ ನಕ್ಕವಳಲ್ಲ.

ಅಂಥ ಹೊತ್ತಿಗೆ ಸರಿಯಾಗಿ ಸೇಲಂನಿಂದ ಶಿವರಾಮನ್ ಬಂದ. ಇಸ್ತ್ರಿ ಮಾಡಿದ ಷರ್ಟು, ಕಂಕುಳಲ್ಲಿ ಬ್ಯಾಗು, ತಾಯಿಯಿಂದ ಬಂದ ಕನ್ನಡ, ಪೇಟೆಯಿಂದ ಬಂದ ತಮಿಳು. ಸೇಲಂನಲ್ಲಿ ಹೊಸದಾಗಿ ತೆರೆದ ಫೈನಾನ್ಸ್ ಕಂಪನಿಗೆ ಜನರಿಂದ ಹಣ ಕಟ್ಟಿಸುವುದು ಅವನ ಕೆಲಸ. ಹರೂರಿನ ಬ್ಯಾಂಕು ವರ್ಷಕ್ಕೆ ಕೊಡುವ ಬಡ್ಡಿಯನ್ನು ಇವರು ತಿಂಗಳಿಗೇ ಕೊಡುತ್ತಿದ್ದರಂತೆ. ಸುಳ್ಳೆನ್ನುವಂತಿರಲಿಲ್ಲ. ಪಕ್ಕದ ಮನೆಯ ವೆಂಕಟಾಚಲಂ ಆಗಲೇ ಹಣ ಕಟ್ಟಿದ್ದ, ಬಡ್ಡಿ ಬಂದಿತ್ತು, ಬಡ್ಡಿಯಲ್ಲಿ ಟ್ರಾನ್ಸಿಸ್ಟರ್ ಕೂಡ ಬಂದಿತ್ತು. ಅದು ಬೆಳಗಾದರೆ ಹಟ್ಟಿಯ ಕಿವಿಗೆಲ್ಲ ಕೂಗುತ್ತಿತ್ತು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ಮುನಿಯಪ್ಪ ಎಂದೂ ಹಿಂದೆ ಬಿದ್ದವನಲ್ಲ.

"ಕಟ್ಬುಡಾನ ಕಣೇ. ಚೈತ್ರದೊಳಗೆ ಗೆಜ್ಜೇನೂ ಬತ್ತದೆ, ನಾದಸ್ವರದೋರೂ ಬತ್ತಾರೆ!"

ಗುಂಡಮ್ಮನಿಗೂ ಆಸೆಯಾಯಿತು. ಆಗಲಿಲ್ಲವೆಂದರೆ ಯಾರು ನಂಬುತ್ತಾರೆ? ಗುಡಾಣಕ್ಕೆ ಕೈಹಾಕಿ ಹಣ ತೆಗೆದು, ಸೆರಗಿಗೆ ಗಂಟು ಕಟ್ಟಿಕೊಂಡು, ಜಗಲಿಯ ಮೇಲೆ ಕೂತಿದ್ದ ಶಿವರಾಮನ್‌ಗೆ ಒಂದು ಚೊಂಬು ಮಜ್ಜಿಗೆ ಕೊಟ್ಟು ಎದುರಿಗೆ ಕೂತಳು.

ಅವಳು ಕಂಡ ಬಡ್ಡಿ ಎಂದರೆ ಕುರಿಯ ಬಡ್ಡಿಯೇ. ತನ್ನ ಕುರಿಗಳನ್ನು ಇನ್ನೊಬ್ಬರಿಗೆ ಪಾಲಿಗೆ ಕೊಡುವುದು, ಅವರು ಮೇಯಿಸುವುದು, ಹುಟ್ಟಿದ ಮರಿಗಳಲ್ಲಿ ಅರ್ಧ ಅವಳಿಗೆ, ಅರ್ಧ ಅವರಿಗೆ. ಅದಕ್ಕೊಂದು ಕಟ್ಟುಪಾಡಿತ್ತು. ಪಾಲಿನ ಕುರಿ ಸತ್ತರೆ, ಮೇಯಿಸಿದವನು ಅದರ ತೊಗಲನ್ನು ಕಿವಿಯ ಗುರುತಿನ ಸಮೇತ ತಂದು ಒಡತಿಯ ಮುಂದೆ ಹಾಕಬೇಕು. ತೊಗಲು ಬಂದರೆ ಜಗಳವಿಲ್ಲ, ಲೆಕ್ಕ ಅಲ್ಲಿಗೆ ಮುಗಿಯಿತು. ಹೊಸಬನೊಬ್ಬ ಪಾಲಿಗೆ ಕುರಿ ಕೇಳಿಕೊಂಡು ಬಂದರೆ ಅವಳು ಮೊದಲು ಕೇಳುತ್ತಿದ್ದುದೂ ತೊಗಲಿನ ಮಾತನ್ನೇ. ಶಿವರಾಮನ್‌ನನ್ನೂ ಹಾಗೆಯೇ, ಯಾವ ಕುಹಕವೂ ಇಲ್ಲದೆ ಕೇಳಿದಳು.

"ನಮ್ ದುಡ್ಡ ಎಲ್ಲಿ ಮೇಯಿಸ್ತೀರಪ್ಪಾ?"

"ಬೆಳ್ಳಿ ವ್ಯಾಪಾರಕ್ಕೆ, ಸಬ್ಬಕ್ಕಿ ಮಿಲ್ಲಿಗೆ, ಲಾರಿಯೋರಿಗೆ ಸಾಲ ಕೊಡ್ತಾರೆ ಅಕ್ಕಾ."

"ಆಗ್ಲಿ. ಅದ್ರಾಗೆ ಎಷ್ಟು ಸತ್ತೋ?"

ಶಿವರಾಮನ್ ಕಣ್ಣುಕಣ್ಣು ಬಿಟ್ಟ. ಮುನಿಯಪ್ಪ ಬಿಡಿಸಿ ಹೇಳಿದ. "ಸಾಲ ತಕಂಡೋರು ಮುಳುಗೋದ್ರಾ, ದುಡ್ಡು ವಾಪಸ್ ಬರದೆ ಓಯ್ತಾ ಅಂತ ಕೇಳ್ತಾವ್ಳೆ."

ಶಿವರಾಮನ್ ಬೆನ್ನು ನೆಟ್ಟಗೆ ಮಾಡಿ ಕೂತ. "ಒಂದೂ ಇಲ್ಲ ಅಕ್ಕಾ! ಒಂದು ಪೈಸಾ ನಷ್ಟ ಇಲ್ಲ, ಸತ್ಯಮಾ! ಕಂಪ್ನಿ ಶುರುವಾದಾಗಿಂದ ನಷ್ಟ ಅನ್ನೋ ಮಾತೇ ಇಲ್ಲ."

ತನ್ನ ಅಂಗಡಿಯ ಅತ್ಯುತ್ತಮ ಸರಕನ್ನೇ ಮುಂದಿಟ್ಟೆ ಎಂದು ಪಾಪ ಅವನು ತಿಳಿದಿದ್ದ. ಗಂಟು ಬಿಚ್ಚುತ್ತಿದ್ದ ಗುಂಡಮ್ಮನ ಕೈ ಅಲ್ಲೇ ನಿಂತಿತು.

ಹಿಂದೊಮ್ಮೆ ಕುಪ್ಪುಸ್ವಾಮಿ ಎಂಬುವನು ಅವಳ ಕುರಿಗಳನ್ನು ಪಾಲಿಗೆ ಹಿಡಿದಿದ್ದ. ವರ್ಷ ವರ್ಷ ಹೊತ್ತಿಗೆ ಸರಿಯಾಗಿ ಮರಿ ತಂದುಕೊಡುತ್ತಿದ್ದ, ಒಂದು ತೊಗಲನ್ನೂ ತಂದವನಲ್ಲ. ಬಿಸಿಲಿಗೆ ಸಾಯಲಿಲ್ಲ, ರೋಗಕ್ಕೆ ಸಾಯಲಿಲ್ಲ, ನರಿ ಹಿಡಿಯಲಿಲ್ಲ. ಎಂಥ ಕೈಗುಣ ಎಂದು ಅವಳೇ ಊರೆಲ್ಲ ಹೊಗಳಿದ್ದಳು. ಒಂದು ದಿನ ಹೋಗಿ ನೋಡಿದರೆ ಅವನ ದೊಡ್ಡಿಯಲ್ಲಿ ಅವಳ ಗುರುತಿನ ಕುರಿ ಒಂದೂ ಇರಲಿಲ್ಲ. ಮೊದಲ ವರ್ಷವೇ ಮಾರಿಕೊಂಡಿದ್ದ. ಅವಳಿಗೆ ಕೊಡುತ್ತಿದ್ದ ಮರಿ ಇನ್ನೊಬ್ಬರ ಕುರಿಯದು, ಆ ಇನ್ನೊಬ್ಬರಿಗೆ ಕೊಡುತ್ತಿದ್ದುದು ಮತ್ತೊಬ್ಬರದು.

ಪಕ್ಕದ ಮನೆಯಲ್ಲಿ ಟ್ರಾನ್ಸಿಸ್ಟರ್ ಕೂಗುತ್ತಿತ್ತು. ಅದು ಯಾರ ಕುರಿಯ ಮರಿಯೋ ಎಂದುಕೊಂಡಳು ಗುಂಡಮ್ಮ. ಬಿಚ್ಚಿದ್ದ ಗಂಟನ್ನು ಮತ್ತೆ ಬಿಗಿದಳು. ದಪ್ಪ ಗೆಜ್ಜೆಯ ಆಸೆಯನ್ನೂ ಅದರೊಳಗೇ ಕಟ್ಟಿಟ್ಟು ನಕ್ಕಳು.

"ಸಾಯ್ದೆ ಇರೋ ಕುರಿ ಯಾವೂರಾಗೂ ಇಲ್ಲ ಕಣಪ್ಪಾ. ನಿಮ್ ಆಪೀಸ್ನಾಗೆ ಓಗಿ ಕೇಳು. ಒಂದು ತೊಗಲು ತಂದು ತೋರ್ಸು, ನಾನೇ ಬಸ್ಸತ್ತಿ ಬಂದು ಕಟ್ತೀನಿ. ಅದ್ಸರಿ, ನೀನು ಕಟ್ಟೀದೀಯಾ?"

"ನಮ್ಮವ್ವನ ದುಡ್ಡು ಪೂರಾ ಅಲ್ಲೇ ಕಟ್ಟೀವ್ನಿ ಅಕ್ಕಾ," ಎಂದ ಶಿವರಾಮನ್. ಹೇಳುವಾಗ ಅವನ ದನಿ ಸ್ವಲ್ಪ ಸಣ್ಣದಾಯಿತು.

ಅವನು ಹೋದ ಮೇಲೆ ಮುನಿಯಪ್ಪ ಮುಖ ಊದಿಸಿಕೊಂಡ. ಮನೆಗೆ ಬಂದ ಲಕ್ಷ್ಮಿಯನ್ನು ಮಜ್ಜಿಗೆ ಕುಡಿಸಿ ಕಳಿಸಿದಳು ಎಂದು ಕುರಿಗಳ ಮುಂದೆ ದೂರು ಹೇಳಿಕೊಂಡ. ಕುರಿಗಳು ಯಾರ ಪಕ್ಷವನ್ನೂ ವಹಿಸಲಿಲ್ಲ.

ಚೈತ್ರ ಬಂತು. ಚಪ್ಪರ ಎದ್ದಿತು, ನಾದಸ್ವರವಿಲ್ಲದಿದ್ದರೂ ತಮಟೆ ಭೋರ್ಗರೆಯಿತು. ಇದ್ದ ಹಣದಲ್ಲೇ ಮಂಜುಳಾಗೆ ಗೆಜ್ಜೆಯೂ ಬಂತು. ದಪ್ಪವೇನಲ್ಲ, ನೂಲಿನ ಎಳೆಯಂಥದ್ದು, ಆದರೆ ಬಿಚ್ಚಿಕೊಂಡು ಹೋಗಲು ಯಾರೂ ಬರುವಂತಿರಲಿಲ್ಲ. ಗುಂಡಮ್ಮ ಕುಣಿದು ಕುಣಿದು ಬಡಿಸುತ್ತಿದ್ದಳು. ಅಷ್ಟರಲ್ಲಿ ಶಿವರಾಮನ್ ವಯಸ್ಸಾದ ಹೆಂಗಸೊಬ್ಬಳ ಕೈ ಹಿಡಿದು ಚಪ್ಪರದೊಳಕ್ಕೆ ಬಂದ.

"ನಮ್ಮವ್ವ, ಮುನಿಲಕ್ಷ್ಮಮ್ಮ," ಎಂದ. "ಅಕ್ಕಾ, ನೀವು ಕೇಳಿದ್ದನ್ನೇ ಮ್ಯಾನೇಜರ್‌ನ ಕೇಳ್ದೆ. ಬೆನ್ನು ತಟ್ಟಿ ಟೀ ಕೊಡ್ಸಿದ್ರು, ಉತ್ತರ ಕೊಡ್ಲಿಲ್ಲ. ಮಾರನೇ ದಿನಾನೇ ಅವ್ವನ ದುಡ್ಡು ಬಿಡುಸ್ಕಂಡೆ. ವೆಂಕಟಾಚಲಣ್ಣಂಗೂ ಗಲಾಟೆ ಮಾಡಿ ಬಿಡುಸ್ಕೊಟ್ಟೆ. ಈಗ ಆಪೀಸಿಗೆ ಬೀಗ. ಬಾಗ್ಲಲ್ಲಿ ಜನ ನಿಂತು ಅಳ್ತಾವ್ರೆ. ನಾನು ಬೆಳ್ಳಿ ಗೆಜ್ಜೆ ಮಾಡೋ ಪಟ್ಟರೆಗೆ ಕೆಲ್ಸಕ್ಕೆ ಸೇರ್ಕಂಡೆ."

ಟ್ರಾನ್ಸಿಸ್ಟರ್ ಒಡೆಯ ವೆಂಕಟಾಚಲಂ ಪಂಕ್ತಿಯಲ್ಲಿ ಕೂತು, ತಲೆ ಎತ್ತದೆ ಪಾಯಸ ಸುರಿಯುತ್ತಿದ್ದ.

ಮುನಿಲಕ್ಷ್ಮಮ್ಮ ಸೆರಗಿನ ಗಂಟು ಬಿಚ್ಚಿ, ಹಣವನ್ನೆಲ್ಲ ಗುಂಡಮ್ಮನ ಮುಂದೆ ಇಟ್ಟಳು. "ನೀನೇ ಕುರಿ ತಕಂಡು ಪಾಲಿಗೆ ಮೇಯ್ಸವ್ವಾ. ಪೇಟೆ ಸಾವಾಸ ಸಾಕು."

ಗುಂಡಮ್ಮ ಪಾಯಸದ ಪಾತ್ರೆ ಕೆಳಗಿಟ್ಟಳು. ಮಂದೆ ಅರ್ಧವಾದಾಗಿನಿಂದ ಖಾಲಿ ದೊಡ್ಡಿಯ ಕಡೆ ನೋಡಲೂ ಅವಳಿಗೆ ಮನಸ್ಸಾಗುತ್ತಿರಲಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ಮುನಿಯಪ್ಪ ಉಬ್ಬಿ ಮುಂದೆ ಬಂದ.

"ಚಿಂತೇನೇ ಬ್ಯಾಡ ಅಕ್ಕಾ! ನಮ್ ದೊಡ್ಡೀಲಿ ಒಂದು ಕುರೀನೂ ಸಾ..."

ಗುಂಡಮ್ಮ ಪಾಯಸದ ಕೈಯಲ್ಲೇ ಅವನ ಬಾಯಿ ಮುಚ್ಚಿದಳು.

"ಸಾಯ್ತವೆ ಅಕ್ಕಾ," ಎಂದಳು. "ಓದ್ ವರ್ಸ ನಾಕು ಓದ್ವು. ಈ ವರ್ಸಾನೂ ಓಯ್ತವೆ."

ಮುನಿಲಕ್ಷ್ಮಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಹಣವನ್ನು ಇನ್ನಷ್ಟು ಮುಂದಕ್ಕೆ ತಳ್ಳಿ, ಎಲೆ ಎಲ್ಲಿ ಹಾಕ್ತೀರಿ, ಹಸಿವಾಗ್ತಾ ಐತೆ ಎಂದಳು.