ಆಶಾನ್‌ಗೆ ಹೇಳಿದ ತೂಕ

ಹೋದ ವಾರ ಇಲ್ಲಿ ತಿರುವನಂತಪುರದಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಹಳೆಯ ಕಾಲದ ಕುರ್ಚಿ. ನಾನು ಒರಗಿದ ಮೇಲೆ ಅವರು ಕಾಲಿನಿಂದ ಏನನ್ನೋ ಒತ್ತಿದರು. ಕುರ್ಚಿ ಸುಂಯ್ ಎಂದು ನನ್ನನ್ನು ಹೊತ್ತು ಮೇಲೆದ್ದಿತು, ಕೆಳಗಿನಿಂದ ಬಿಸಿ ಎಣ್ಣೆಯ ಸಣ್ಣ ವಾಸನೆಯೂ ಬಂತು. ಬಾಯಿ ತೆರೆದುಕೊಂಡೇ ನನಗೆ ನಗು ಬಂದುಬಿಟ್ಟಿತು. ನೋವಾಯಿತೇನೋ ಎಂದು ಡಾಕ್ಟರು ಗಾಬರಿಯಾದರು. ಬಾಯಲ್ಲಿ ಹತ್ತಿ ತುಂಬಿಕೊಂಡು ಆಶಾನ್ ಕಥೆ ಹೇಳುವುದಾದರೂ ಹೇಗೆ...

ಆಗ ನಾವು ಕೊಚ್ಚಿಯಲ್ಲಿದ್ದೆವು. ಬ್ಯಾಂಕಿನವರು ಧಾರವಾಡದಿಂದ ನನ್ನನ್ನು ಎತ್ತಿ ಅಲ್ಲಿಗೆ ಹಾಕಿದ್ದರು. ಗಂಡ ಮತ್ತು ಅತ್ತೆ ಗಂಟುಮೂಟೆ ಕಟ್ಟಿಕೊಂಡು ಹಿಂದೆ ಬಂದಿದ್ದರು. ನಮ್ಮ ಫ್ಲ್ಯಾಟಿನವರೊಬ್ಬರು ಊರು ಬಿಡುವಾಗ ಅವರ ಹಳೆಯ ಜರ್ಮನ್ ಕಾರನ್ನು ನಾನು ಹಟ ಹಿಡಿದು ಕೊಂಡೆ. ಅದು ಎಣ್ಣೆಯ ಒತ್ತಡದ ಮೇಲೆ ನಿಲ್ಲುವ ಗಾಡಿ. ಬೆಳಿಗ್ಗೆ ಚಾಲೂ ಮಾಡಿದರೆ ಮೊದಲು ಹಿಂಭಾಗ, ಆಮೇಲೆ ಮುಂಭಾಗ ಎತ್ತಿಕೊಂಡು, ಮಲಗಿದ್ದ ಎಮ್ಮೆಯ ಹಾಗೆ ಎದ್ದು ನಿಲ್ಲುತ್ತಿತ್ತು. ಒಳಗೆ ಎಷ್ಟೇ ಭಾರ ಹೇರಿದರೂ ತಾನೇ ಸಮಮಾಡಿಕೊಂಡು ನಡೆಯುತ್ತಿತ್ತು. ಬ್ಯಾಂಕಿನಲ್ಲಿ ಎಲ್ಲರೂ ನನ್ನನ್ನು ಮಹಾರಾಣಿ ಎಂದು ಕಾಡಿಸಿದರು. ನಾನೂ ಬೇಡ ಎನ್ನಲಿಲ್ಲ.

ಆದರೆ ಆ ಕಾರಿನ ನಿಜವಾದ ಮಹಾರಾಣಿ ನಮ್ಮ ಅತ್ತೆ. ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದು ಬೆನ್ನು ಕೆಡಿಸಿಕೊಂಡವರಿಗೆ ಬಸ್ಸು, ಆಟೋ, ರೈಲಿನ ಮೆಟ್ಟಿಲು ಯಾವುದೂ ಆಗುತ್ತಿರಲಿಲ್ಲ. ಅವರಿಗಿದ್ದ ಒಬ್ಬಳೇ ತಂಗಿ, ನಮ್ಮ ಚಿಕ್ಕತ್ತೆ, ತಿರುವನಂತಪುರದಲ್ಲಿದ್ದರು. ಕೇಂದ್ರ ಸರ್ಕಾರದ ಕೆಲಸದಲ್ಲಿದ್ದ ಗಂಡನ ಜೊತೆ ಬಂದು ಅಲ್ಲೇ ಬೇರೂರಿದವರು. ಅವರ ಮಂಡಿಗಳು ಮನೆಯ ಹೊಸ್ತಿಲನ್ನೇ ದಾಟುತ್ತಿರಲಿಲ್ಲ. ಮೊಮ್ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುವ ಮನೆ. ಹಾಗಾಗಿ ಅಕ್ಕ ತಂಗಿ ಮನಸ್ಸು ಬಿಚ್ಚಿ ಮಾತಾಡಬೇಕೆಂದರೆ ತಿಂಗಳಿಗೊಮ್ಮೆ ಅತ್ತೆಯೇ ಹೋಗಬೇಕು, ಹೋಗಬೇಕೆಂದರೆ ಈ ಕಾರೇ ಬೇಕು.

ಕಾರಿನ ಎಣ್ಣೆ ಸೋರತೊಡಗಿದಾಗ ಯಾರೋ ಆಶಾನ್ ಹೆಸರು ಹೇಳಿದರು. ಏಲೂರಿನಲ್ಲಿ ಕಾರ್ಖಾನೆಗಳ ಲಾರಿ ಓಡಾಡುವ ರಸ್ತೆಯ ಬದಿಗೆ ಅವರ ಗ್ಯಾರೇಜು. ಆ ಕಡೆ ಹಿರಿಯ ಮೇಸ್ತ್ರಿಗಳನ್ನೆಲ್ಲ ಆಶಾನ್ ಎಂದೇ ಕರೆಯುತ್ತಾರೆ, ನಾವೂ ಹಾಗೇ ಕರೆದೆವು. ಕಾಸರಗೋಡಿನವರು. ನಮ್ಮ ಕನ್ನಡ ಕೇಳಿದ್ದೇ ತಡ, ಕಾರನ್ನು ಬಿಟ್ಟು ನಮಗೆ ಹಾಲಿಲ್ಲದ ಕಟ್ಟನ್ ಚಹಾ ತರಿಸಿದರು. ಹಾಸ್ಯ ಹೇಳುವ ಮೊದಲೇ ನಗುವ ಮನುಷ್ಯ. ನಕ್ಕು ನಕ್ಕು ಹೇಳಬೇಕಾದದ್ದನ್ನೇ ಎಷ್ಟೋ ಸಲ ಮರೆತುಬಿಡುತ್ತಿದ್ದರು. ಬಾನೆಟ್ಟು ತೆಗೆಯುವ ಮೊದಲು ಕಾರಿನ ಮೇಲೆ ಅಂಗೈ ಇಟ್ಟು ಒಂದು ನಿಮಿಷ ಸುಮ್ಮನೆ ನಿಲ್ಲುವುದು ಅವರ ಕ್ರಮ. ಎರಡು ವರ್ಷ ಆ ಕೈಯೇ ನಮ್ಮ ಕಾರನ್ನು ಎಬ್ಬಿಸಿ ನಿಲ್ಲಿಸಿತು.

ಕೊನೆಗೆ ಎಣ್ಣೆಗೆ ಒತ್ತಡ ಕೊಡುವ ಪಂಪೇ ಹೋಯಿತು. ಕಾರು ನೆಲಕ್ಕೆ ಹೊಟ್ಟೆಕೊಟ್ಟು ಮಲಗಿತು. ಆಶಾನ್ ಅಂಗೈ ಇಟ್ಟು ನಿಂತರು, ಆವತ್ತು ನಗಲಿಲ್ಲ.

"ಇದರದ್ದು ಮುಗೀತು ಅಕ್ಕ. ಇನ್ನು ಇದೆಲ್ಲ ಕಿತ್ತು ಸ್ಪ್ರಿಂಗ್ ಹಾಕುವ. ಎಲ್ಲಾ ಗಾಡಿಯ ಹಾಗೆ ಓಡ್ತದೆ."

"ಅತ್ತೀ ಬೆನ್ನು?" ಎಂದೆ.

"ಅಮ್ಮನ ಬೆನ್ನು ನನಗೆ ಬಿಡಿ."

ಬೆನ್ನಿಗೆ ಹಿತವಾಗಬೇಕಾದರೆ ಸ್ಪ್ರಿಂಗು ಮೆತ್ತಗಿರಬೇಕು. ತೀರಾ ಮೆತ್ತಗಾದರೆ ಹೊಂಡದಲ್ಲಿ ಪೂರಾ ಕುಸಿದು ಗುದ್ದುತ್ತದೆ. ಅದಕ್ಕೆ ಅವರು ನಮ್ಮೆಲ್ಲರ ತೂಕ ಕೇಳಿದರು. ಗ್ಯಾರೇಜಿನಲ್ಲಿ ಆರೇಳು ಜನ ನಿಂತಿದ್ದರು. ನಾನು ಮದುವೆಯ ಹೊತ್ತಿಗೆ ಇದ್ದ ತೂಕವನ್ನು ಹೇಳಿದೆ. ನನ್ನ ಗಂಡ ನನ್ನ ಮುಖ ನೋಡಿ, ಧೈರ್ಯ ಬಂದು, ತಮ್ಮದರಲ್ಲೂ ಹತ್ತು ಕಿಲೋ ಇಳಿಸಿದರು. ಡಿಕ್ಕಿಯಲ್ಲಿ ಏನೇನು ಇರುತ್ತದೆ ಎಂದು ಕೇಳಿದ್ದಕ್ಕೆ ಅತ್ತೆ, "ಎರಡು ಅರಿವಿ ಚೀಲ, ಮತ್ತೇನಿಲ್ಲಪಾ" ಎಂದರು. ಆಶಾನ್ ನಮ್ಮನ್ನು ನಂಬಿದರು. ಆ ಲೆಕ್ಕದ ಭಾರ ಹೊರಬಲ್ಲಂಥ ಅತಿ ಮೆತ್ತನೆಯ ಸ್ಪ್ರಿಂಗುಗಳನ್ನೇ ಹುಡುಕಿ ತರಿಸಿ, ಒಂದು ವಾರ ಕೂತು ಹಾಕಿದರು.

ಮೊದಲ ಪ್ರಯಾಣ ವೈಟ್ಟಿಲ ದಾಟುವವರೆಗೂ ಬೆಣ್ಣೆಯಂತಿತ್ತು. ಆಮೇಲೆ ಒಂದು ಹೊಂಡ ಸಿಕ್ಕಿತು. ಹಿಂದಿನಿಂದ ಧಡ್ ಎಂದು ಗುದ್ದಿದ ಸದ್ದು, ಅದರ ಬೆನ್ನಿಗೇ ಅತ್ತೆಯ ಕೂಗು. ಇನ್ನೂ ಎರಡು ಹೊಂಡ ಕಳೆಯುವಷ್ಟರಲ್ಲಿ ಅವರ ಮುಖ ಬಿಳಿಚಿಕೊಂಡಿತು. ಚೇರ್ತಲೆಯಿಂದಲೇ ಕಾರು ತಿರುಗಿಸಿದೆ. ಅತ್ತೆ ಮನೆಯಲ್ಲಿ ಮಗ್ಗುಲಾಗಿ ಮಲಗಿ, ಫೋನಿನಲ್ಲಿ ತಂಗಿಗೆ, "ಇನ್ನ ನನ್ನಿಂದ ಬರೂದು ಆಗೂದಿಲ್ಲವಾ. ಫೋನಿನಾಗ ಮಾತಾಡೂಣು, ಅಷ್ಟ" ಎಂದರು. ಆ ಕಡೆ ಚಿಕ್ಕತ್ತೆ ಅಳುವುದು ನನಗೂ ಕೇಳಿಸಿತು.

ಮರುದಿನ ಆಶಾನ್ ನಮ್ಮ ಮನೆಗೇ ಬಂದರು. ಅತ್ತೆಯ ಎದುರು ಕೈಮುಗಿದು, "ನನ್ನ ಕೈ ತಪ್ಪಿತು ಅಮ್ಮ, ಲೆಕ್ಕ ಎಲ್ಲಿ ಹೋಯ್ತೂಂತ ಗೊತ್ತಾಗುದಿಲ್ಲ" ಎಂದರು. ನಾನು ಅಲ್ಲೇ ಚಹಾದ ಲೋಟ ಹಿಡಿದುಕೊಂಡು ನಿಂತಿದ್ದೆ. ಲೆಕ್ಕ ಎಲ್ಲಿ ಹೋಯಿತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಮೂವತ್ತು ವರ್ಷ ಕೆಲಸ ಮಾಡಿದ ಕೈಯನ್ನು ಆ ಮನುಷ್ಯ ನನ್ನೆದುರೇ ಅನುಮಾನಿಸುತ್ತಿದ್ದರು, ನಾನು ಸಕ್ಕರೆ ಸಾಕೇ ಎಂದು ಕೇಳಿದೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆದರೆ ಸ್ಪ್ರಿಂಗಿನ ಬಾಯಿ ಕಟ್ಟಿಹಾಕುವುದು ನನ್ನ ಕೈಯಲ್ಲಿರಲಿಲ್ಲ. ಕಾರನ್ನು ಗ್ಯಾರೇಜಿಗೆ ಒಯ್ದು ಚಕ್ರ ಬಿಚ್ಚಿ ನೋಡಿದರೆ ಸ್ಪ್ರಿಂಗು ಭಾರಕ್ಕೆ ಪೂರಾ ಕುಸಿದು, ಅದರ ತುದಿಯ ರಬ್ಬರು ಜಜ್ಜಿ ಹೋಗಿತ್ತು. ಆಶಾನ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಹೋಗಿ ಡಿಕ್ಕಿ ತೆಗೆದರು. ಅತ್ತೆಯ ಎರಡು ಬಟ್ಟೆ ಚೀಲಗಳ ಹಿಂದೆ ಒಂದು ಮೂಟೆ ಜೋಳದ ಹಿಟ್ಟು, ಅದರ ಹಿಂದೆ ಗೋಣಿಯಲ್ಲಿ ಸುತ್ತಿದ ಖಾರ ಅರೆಯುವ ಕಲ್ಲು, ಗುಂಡಿನ ಸಮೇತ! ತಂಗಿಗೆ ಕೊಡಲೆಂದು ವಾಚ್‌ಮನ್ನನ ಕೈಯಲ್ಲಿ ಗುಟ್ಟಾಗಿ ಇಡಿಸಿದ್ದರಂತೆ.

ಆಶಾನ್ ಆ ಕಲ್ಲನ್ನು ನೋಡುತ್ತಾ ನೋಡುತ್ತಾ ನಗಲು ಶುರುಮಾಡಿದರು. ಕೂತು ನಕ್ಕರು, ಎದ್ದು ನಕ್ಕರು, ಕಣ್ಣೊರೆಸಿಕೊಂಡರು. ಪಕ್ಕದ ಗುಜರಿ ಅಂಗಡಿಯಿಂದ ಕಬ್ಬಿಣ ತೂಗುವ ಯಂತ್ರವನ್ನು ತಂದಿಡಿಸಿ, ಬೆನ್ನು ಸುಧಾರಿಸಿದ ಮೇಲೆ ಅತ್ತೆಯನ್ನೂ ಕರೆಸಿದರು. ಅತ್ತೆಗೇನು ಅಂಜಿಕೆ? ಸೆರಗು ಸಿಕ್ಕಿಸಿಕೊಂಡು ಮೊದಲು ಹತ್ತಿದವರೇ ಅವರು. ನನ್ನ ಸರದಿ ಬಂದಾಗ ಆಶಾನ್ ಅಲ್ಲಿದ್ದವರನ್ನೆಲ್ಲ ಚಹಾಕ್ಕೆ ಕಳಿಸಿ, ತಾವೂ ಗೋಡೆಯ ಕಡೆ ತಿರುಗಿ ನಿಂತರು. ನಾನೇ ಓದಿ ಹೇಳಿದೆ. ಈ ಸಲ ನಿಜವನ್ನೇ ಹೇಳಿದೆ. ರಬ್ಬರು ಜಜ್ಜಿದ್ದು ಅವರ ಕೈಯಿಂದಲ್ಲ, ನಮ್ಮ ಬಾಯಿಂದ ಎಂದೂ ಹೇಳಿಬಿಟ್ಟೆ.

"ಆ ಎಣ್ಣೆಗಾಡಿ ನೀವು ಎಂತ ಸುಳ್ಳು ಹೇಳಿದ್ರೂ ಹೊತ್ಕೊಂಡು ಹೋಗ್ತಿತ್ತು ಅಕ್ಕ," ಎಂದರು ಗೋಡೆಯ ಕಡೆಯಿಂದಲೇ. "ಸ್ಪ್ರಿಂಗಿಗೆ ಆ ದಾಕ್ಷಿಣ್ಯ ಇಲ್ಲ ಮಾರಾಯ್ರೆ."

ಸ್ವಲ್ಪ ಗಟ್ಟಿಯ ಸ್ಪ್ರಿಂಗು ಬಂತು. ಅದರ ಬುಡದಲ್ಲಿ ತಿರುಪಿನ ಒಂದು ಉಂಗುರವಿರುತ್ತದೆ, ತಿರುಗಿಸಿದರೆ ಕಾರು ಏರುತ್ತದೆ, ಇಳಿಯುತ್ತದೆ. ಈ ಸಲ ಆಶಾನ್ ಯಾರ ಮಾತನ್ನೂ ಕೇಳಲಿಲ್ಲ. ಊರಿಗೆ ಹೊರಟಂತೆಯೇ ನಮ್ಮನ್ನೆಲ್ಲ ಅವರವರ ಜಾಗದಲ್ಲಿ ಕೂರಿಸಿ, ಡಿಕ್ಕಿಯಲ್ಲಿ ಮೂಟೆಯನ್ನೂ ಕಲ್ಲನ್ನೂ ಇಟ್ಟು, ತಿರುಪು ತಿರುಗಿಸಿ ಅಳೆದರು. ಒಂದು ಭಾನುವಾರ ಇಡೀ ಮುಂಜಾನೆ ನಾವು ಗ್ಯಾರೇಜಿನೊಳಗೆ, ಎಲ್ಲಿಗೂ ಹೋಗದ ಕಾರಿನಲ್ಲಿ, ಬಾಳೆಕಾಯಿ ಚಿಪ್ಸ್ ತಿನ್ನುತ್ತಾ ಕೂತಿದ್ದೆವು. ಅಷ್ಟು ಖುಷಿಯ ಪ್ರವಾಸ ನಾನು ಇನ್ನೊಂದು ಮಾಡಿಲ್ಲ. ಆಮೇಲೆ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಏಲೂರಿನ ಹೊಂಡಗಳನ್ನೆಲ್ಲ ಹುಡುಕಿ ಹುಡುಕಿ ಹಾಯಿಸಿದರು.

"ಹೇಗುಂಟಮ್ಮ?"

"ಇನ್ನೊಂದೀಟ ಇಳಸು."

ಇಳಿಸಿದರು. ಮತ್ತೆ ಓಡಿಸಿದರು. ಐದನೆಯ ಸುತ್ತಿಗೆ ಹಿಂದಿನಿಂದ ಮಾತೇ ಬರಲಿಲ್ಲ. ತಿರುಗಿ ನೋಡಿದರೆ ಅತ್ತೆ ನಿದ್ದೆಹೋಗಿದ್ದರು. ಆಶಾನ್ ಕಾರು ನಿಲ್ಲಿಸಿ, ತಮ್ಮ ಎರಡು ಕೈಗಳನ್ನೂ ಒಮ್ಮೆ ನೋಡಿಕೊಂಡರು.

ಮುಂದಿನ ವಾರ ತಿರುವನಂತಪುರಕ್ಕೆ ಅವರನ್ನೂ ಎಳೆದುಕೊಂಡೇ ಹೋದೆವು. ಚಿಕ್ಕತ್ತೆ ಬಾಗಿಲಲ್ಲೇ ನಿಂತಿದ್ದರು. ಅಕ್ಕ ತಂಗಿ ಮಾತು ಶುರುಮಾಡಿದ ಮೇಲೆ ನಮ್ಮನ್ನು ಕೇಳುವವರೇ ಇಲ್ಲ. ಆಶಾನ್ ಜೋಳದ ರೊಟ್ಟಿಯನ್ನು ಮೊದಲ ಸಲ ತಿಂದರು, ಅನ್ನ ಬೇಡವೆಂದು ನಾಲ್ಕು ತಿಂದರು. ಅಲ್ಲಿಂದ ನಾಲ್ಕು ವರ್ಷ, ಮಳೆಯಿರಲಿ ಬಿಸಿಲಿರಲಿ, ಅತ್ತೆ ಒಂದು ತಿಂಗಳೂ ತಪ್ಪಿಸಲಿಲ್ಲ.

ಆಮೇಲೆ ನನಗೆ ಇಲ್ಲಿಗೇ ವರ್ಗವಾಯಿತು. ಈಗ ಅಕ್ಕ ತಂಗಿಯ ಮನೆಗಳ ನಡುವೆ ಎರಡೇ ಬೀದಿ. ಹೋದ ವರ್ಷ ಆಶಾನ್ ತೀರಿಕೊಂಡರೆಂದು ಸುದ್ದಿ ಬಂತು. ಗ್ಯಾರೇಜಿನಲ್ಲೇ, ನಿಂತಲ್ಲೇ ಕುಸಿದರಂತೆ. ಇಷ್ಟು ದೂರ ನೀವು ಬೇಡ ಎಂದರೂ ಕೇಳದೆ ಅತ್ತೆ ಕಾರು ಹತ್ತಿದರು. ಆಶಾನ್ ಹೆಂಡತಿಗೆ ಈ ಮುದುಕಿ ಯಾರೆಂದು ಗೊತ್ತಾಗಲಿಲ್ಲ. ಅತ್ತೆ ಅವರ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರು.

"ನಿಮ್ಮ ಯಜಮಾನ್ರಿಂದ ನಾಕು ವರ್ಷ ತಿಂಗಳಾ ತಿಂಗಳಾ ನನ್ನ ತಂಗೀ ಮಾರಿ ನೋಡೀನವಾ," ಎಂದರು. "ಅಷ್ಟ ಹೇಳಾಕ ಬಂದೆ."

ಈಗ ಚಿಕ್ಕತ್ತೆಯೂ ಮಂಡಿಗೆ ಬುದ್ಧಿ ಹೇಳಿ ಕಾರು ಹತ್ತುತ್ತಾರೆ. ಹಿಂದಿನ ಸೀಟಿನಲ್ಲಿ ಇಬ್ಬರೂ ಕೂತು ಚಾಲೈ ಪೇಟೆಗೆ ಹೋಗುವುದೆಂದರೆ ಅವರಿಗೆ ಹಬ್ಬ. ಇಬ್ಬರ ಭಾರಕ್ಕೆ ಕಾರಿನ ಹಿಂಭಾಗ ತುಸು ತಗ್ಗಿದೆ, ಉಂಗುರವನ್ನು ಎರಡು ಸುತ್ತು ಏರಿಸಬೇಕು. ಇಲ್ಲೂ ಒಬ್ಬ ಒಳ್ಳೆಯ ಮೆಕ್ಯಾನಿಕ್ ಇದ್ದಾನೆ. ಮೂರು ಸಲ ಅವನ ಅಂಗಡಿಯವರೆಗೆ ಹೋಗಿ ವಾಪಸು ಬಂದೆ. ಒಳಗೆ ಹೋದರೆ ಅವನು ತೂಕ ಕೇಳುತ್ತಾನೆ, ನಾನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಅವನು ನಂಬಿ ಕೆಲಸ ಶುರುಮಾಡುತ್ತಾನೆ. ನನಗೆ ಬೇಕಾದದ್ದು ನನ್ನ ಮಾತನ್ನು ನಂಬದೆ, ನಮ್ಮನ್ನೆಲ್ಲ ಕಾರಿನಲ್ಲಿ ಕೂರಿಸಿಯೇ ಅಳೆಯುವ ಆಶಾನ್.